ಎಡತೋಳಿನ ಹೆಸರು

ಉದ್ದ ಕೈಯ ರವಿಕೆ ಹಾಕಿಕೊಂಡರೆ ಸಾಯ್ಬಿಣ್ ಮನೆಗೆ ಬರುತ್ತಾಳೆ, ಇಲ್ಲದಿದ್ದರೆ ಇಲ್ಲ. ಗುರ್ಕಾರ್ ಮ್ಯಾಕ್ಸಿಂ ಬೆಳಿಗ್ಗೆ ಫೋನಿನಲ್ಲಿ ಇದನ್ನು ಇಷ್ಟು ನೇರವಾಗಿ ಹೇಳಿರಲಿಲ್ಲ. ಕ್ರೈಸ್ತ ಮನೆಗಳ ಈ ಕೇರಿಗೆ, ವಾಡೊಗೆ, ಮುಂದಾಳು ಗುರ್ಕಾರ್ ಆದ ಮೇಲೆ ಎಲ್ಲರ ಮಾತಿಗೂ ಕಿವಿಕೊಡಬೇಕಾಗುತ್ತದೆ, ಇಗರ್ಜಿಯ ಪಾದ್ರಿ ವಿಗಾರರೂ ಕೇಳುತ್ತಾರೆ, ಜನರೂ ಕೇಳುತ್ತಾರೆ, ನಡುವೆ ಸಿಕ್ಕಿಬಿದ್ದವನು ತಾನು ಎಂದು ಸುತ್ತಿ ಬಳಸಿ ತನ್ನ ಕಷ್ಟವನ್ನೆಲ್ಲ ತೋಡಿಕೊಂಡು, ಕೊನೆಗೆ, "ನೀವೇ ಟೈಲರ್ ಅಲ್ವಾ ವಿನ್ನಿ ಬಾಯೆ, ಒಂದು ಉದ್ದ ಕೈ ಇಡುವುದು ನಿಮಗೆ ಎಂತ ದೊಡ್ಡ ಕೆಲಸ" ಎಂದು ನಕ್ಕಿದ್ದ. ವಿನಿಫ್ರೆಡ್ ಫೋನ್ ಇಟ್ಟುಬಿಟ್ಟಳು. ಮೇ ತಿಂಗಳಿಡೀ ಸಾಯ್ಬಿಣ್, ಅಂದರೆ ಮರಿಯಮ್ಮನವರ ಆ ಮೊಳದುದ್ದದ ಪ್ರತಿಮೆ, ವಾಡೊದ ಮನೆಯಿಂದ ಮನೆಗೆ ಹೋಗುತ್ತದೆ. ಒಂದು ಸಂಜೆ ಬಂದ ಮನೆಯಲ್ಲಿ ಮರುಸಂಜೆಯವರೆಗೆ ಇರುತ್ತದೆ, ತೇರ್ಸ್ ಎಂಬ ಜಪಮಾಲೆಯ ಪ್ರಾರ್ಥನೆ ಮುಗಿದ ಮೇಲೆ ಮುಂದಿನ ಮನೆಯ ಹೆಂಗಸು ಅದನ್ನು ಎತ್ತಿಕೊಳ್ಳುತ್ತಾಳೆ, ಉಳಿದವರು ಮೇಣದಬತ್ತಿ ಹಿಡಿದು ಹಾಡುತ್ತ ಅವಳ ಹಿಂದೆ ನಡೆಯುತ್ತಾರೆ. ನಿನ್ನೆ ಸಂಜೆಯಿಂದ ಸಾಯ್ಬಿಣ್ ಪಕ್ಕದ ಕಾರ್ಮಿನ್ ಬಾಯಿಯ ಮನೆಯಲ್ಲಿದ್ದಳು. ಇವತ್ತು ಬರಬೇಕಾದದ್ದು ಇಲ್ಲಿಗೆ. ಉದ್ದ ಕೈ ಇಲ್ಲದಿದ್ದರೆ ಈ ಮನೆಯನ್ನು ದಾಟಿ ಸೀದಾ ವಿನೀತ್ ಪಿಂಟೊನ ಮನೆಗೆ. ಯಾಕೆಂದರೆ ಐವತ್ತೇಳು ವರ್ಷದ ವಿಧವೆ ವಿನಿಫ್ರೆಡ್‌ಳ ಎಡತೋಳಿನ ಒಳಬದಿಯಲ್ಲಿ, ಮೊಣಕೈ ಮಡಿಸುವಲ್ಲಿಂದ ಸ್ವಲ್ಪ ಕೆಳಗೆ, ಸಿಪ್ರಿಯನ್ ಎಂಬ ಹೆಸರಿನ ಹಚ್ಚೆ ಇತ್ತು. ಅವಳ ಗಂಡನ ಹೆಸರು ಲಾರೆನ್ಸ್.

ಅವಳು ಹೊಲಿಗೆ ಮೆಷಿನಿನ ಮುಂದೆ ಕುಳಿತಿದ್ದಳು. ಫ್ಯಾನಿನ ಗಾಳಿಯೂ ಬಿಸಿ. ಮುಂದಿನ ವಾರದ ಮದುವೆಯದೊಂದು ಬಿಳಿ ಗೌನು ಮಡಿಲಲ್ಲಿತ್ತು. ಅದಕ್ಕೆ ಮೊಣಕೈ ದಾಟುವ ಕೈ ಇಡಬೇಕೆಂದು ಹುಡುಗಿಯ ತಾಯಿ ಮತ್ತೆ ಮತ್ತೆ ಹೇಳಿಹೋಗಿದ್ದಳು. ಇಗರ್ಜಿಯಲ್ಲಿ ಮದುಮಗಳ ತೋಳು ಕಾಣಬಾರದು. ಎಷ್ಟು ಮದುವಣಗಿತ್ತಿಯರ ತೋಳನ್ನು ತಾನು ಮುಚ್ಚಿ ಕಳಿಸಿದ್ದೇನೆ, ದೇವರಿಗೆ ತೋಳನ್ನು ಕಂಡರೆ ಅಷ್ಟು ಆಗದಿದ್ದರೆ ಅದನ್ನು ಮಾಡಿದ್ದು ಯಾಕೆ ಎಂದು ಯಾರೂ ಕೇಳಲಿಲ್ಲವಲ್ಲ, ತಾನೂ ಕೇಳಲಿಲ್ಲವಲ್ಲ ಎಂದು ಯೋಚಿಸುತ್ತ ಅವಳು ಬಟ್ಟೆಯ ಮೇಲೆ ಚಾಕ್‌ಪೀಸಿನಿಂದ ಗೆರೆ ಎಳೆದು ಕತ್ತರಿ ಆಡಿಸಿದಳು. ಕತ್ತರಿಸಿ ಮುಗಿದ ಮೇಲೆ ನೋಡಿದರೆ ಅದು ಗೌನಿನ ಬಟ್ಟೆಯಲ್ಲ. ಮೇಜಿನ ತುದಿಯಲ್ಲಿ ಉಳಿದಿದ್ದ ತನ್ನದೇ ನೀಲಿ ರವಿಕೆ ಬಟ್ಟೆಯ ತುಂಡು. ಎರಡು ಉದ್ದ ಕೈಗಳು, ತನ್ನದೇ ಅಳತೆಯವು, ಒಂದರ ಮೇಲೊಂದು ಮಲಗಿದ್ದವು. ಅವಳಿಗೆ ಮೈಯೆಲ್ಲ ಉರಿದುಹೋಯಿತು. ಇಷ್ಟು ವರ್ಷ ಹೇಳಿದ ಹಾಗೆ ಕೇಳಿ ಕೇಳಿ ಕೈಗಳಿಗೆ ಈಗ ಯಜಮಾನಿಯ ಅಪ್ಪಣೆಯೂ ಬೇಡವಾಗಿದೆ, ಯಾರೋ ಫೋನಿನಲ್ಲಿ ನಕ್ಕರೆ ಸಾಕು. ಆ ತುಂಡುಗಳನ್ನು ಮುದ್ದೆ ಮಾಡಿ ಮೇಜಿನ ಕೆಳಗೆ ಒಗೆದು, ಅವು ಅಲ್ಲಿ ಬಿದ್ದಿರುವುದು ಕಾಣದಂತೆ ಕುರ್ಚಿಯನ್ನು ತಿರುಗಿಸಿ ಕುಳಿತಳು.

ಭಾನುವಾರದ ಪೂಜೆಯಲ್ಲಿ ವಿಗಾರರು ಯಾರ ಹೆಸರನ್ನೂ ಎತ್ತದೆ ಪ್ರಸಂಗ ಮಾಡಿದ್ದರು. ದೇಹ ಪವಿತ್ರಾತ್ಮರ ಆಲಯ, ಆಲಯದ ಗೋಡೆಯ ಮೇಲೆ ಯಾರಾದರೂ ಗೀಚುತ್ತಾರೆಯೇ ಎಂದು ಕೇಳಿದ್ದರು. ವಿಗಾರರು ಚಿಕ್ಕ ಪ್ರಾಯದವರು, ಒಳ್ಳೆಯ ಕಂಠ, ಕೇಳಿದ್ದು ಕೆಟ್ಟ ಮನಸ್ಸಿನಿಂದಲ್ಲ. ಪ್ರಶ್ನೆ ಕೇಳಿ ಅವರು ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಹೆಂಗಸರ ಸಾಲಿನ ಅಷ್ಟೂ ಕಣ್ಣುಗಳು ವಿನಿಫ್ರೆಡ್‌ಳ ಎಡತೋಳಿಗೆ ಬಂದು ಹೋಗಿದ್ದವು. ಅವಳು ತಲೆ ತಗ್ಗಿಸಿದ್ದಳು. ಯಾಕೆ ತಗ್ಗಿಸಿದೆ ಎಂಬುದು ಈಗ ಮೆಷಿನ್ ತುಳಿಯುವಾಗ ಹಲ್ಲಿನ ಸಂದಿಯಲ್ಲಿ ಸಿಕ್ಕ ನಾರಿನಂತೆ ಅವಳನ್ನು ಕಾಡುತ್ತಿತ್ತು. ಮುಂದಿನ ಸಾಲುಗಳಲ್ಲಿ ದುಬಾಯಿಯಿಂದ ರಜೆಗೆ ಬಂದ ಹುಡುಗರು ಕುತ್ತಿಗೆಯ ಮೇಲೆ ಶಿಲುಬೆ, ಮುಂಗೈಯ ಮೇಲೆ ಜಪಮಾಲೆ ಚುಚ್ಚಿಸಿಕೊಂಡು ಕುಳಿತಿದ್ದರು. ಮ್ಯಾಕ್ಸಿಂನ ಮಗನ ಬೆನ್ನಿನ ಮೇಲೆ ರೆಕ್ಕೆ ಬಿಚ್ಚಿದ ಗಿಡುಗ ಉಂಟೆಂದು ಅವನ ಅಂಗಿಯ ಅಳತೆ ತೆಗೆಯುವಾಗ ಅವಳೇ ನೋಡಿದ್ದಳು. ಅವರ ಮನೆಗೆ ಸಾಯ್ಬಿಣ್ ಹೋಗಲಿಲ್ಲವೇ. ಹೋಗಿದ್ದಳು, ಹೋಗಿ ಮೈಸೂರುಪಾಕು, ಪಫ್ಸು, ಕೋಲ್ಡ್‌ಡ್ರಿಂಕ್ಸಿನ ನಡುವೆ ಕುಳಿತು ಬಂದಿದ್ದಳು. ಹುಡುಗರು ಚುಚ್ಚಿಸಿಕೊಂಡರೆ ಫ್ಯಾಷನ್, ಹೆಂಗಸು ಚುಚ್ಚಿಸಿಕೊಂಡರೆ ಪ್ರಸಂಗ, ಮುದುಕಿ ಒಂದು ಗಂಡಿನ ಹೆಸರು ಚುಚ್ಚಿಸಿಕೊಂಡರೆ ವಾಡೊದ ಮೀಟಿಂಗು. ಆ ಮೀಟಿಂಗಿನಲ್ಲಿ ಮ್ಯಾಕ್ಸಿಂ ಮೊಬೈಲಿನಿಂದ ಹಳೆಯ ಒಡಂಬಡಿಕೆಯ ವಚನವೊಂದನ್ನು ಓದಿದನಂತೆ, ಸತ್ತವರಿಗೋಸ್ಕರ ಮೈಯನ್ನು ಕೊಯ್ದುಕೊಳ್ಳಬಾರದು, ಮೈಮೇಲೆ ಗುರುತು ಹಾಕಿಸಿಕೊಳ್ಳಬಾರದು ಎಂದು. ಅದರಲ್ಲಿ ಸತ್ತವರಿಗೋಸ್ಕರ ಎಂಬ ಮಾತಿನ ಮೇಲೆ ಯಾರೂ ನಿಲ್ಲಲಿಲ್ಲ. ಜೀವಂತ ಇರುವ ಸಿಪ್ರಿಯನ್ ಒಬ್ಬ ಅವರ ಕೈಗೆ ಸಿಕ್ಕಿದ್ದ. ಮೂರು ಮನೆ ಆಚೆ, ಮದುವೆಗಳಲ್ಲಿ ಕ್ಲಾರಿನೆಟ್ ಊದುವ, ಮದುವೆಯಾಗದ, ಮೀಸೆಗೆ ಕಪ್ಪು ಹಚ್ಚುವ ಸಿಪ್ರಿ ಮಾಸ್ಟರ್.

ಕೊಟ್ಟಾರದ ಅಂಗಡಿಯಲ್ಲಿ ಹಚ್ಚೆ ಹಾಕಿದ ಹುಡುಗನ ಹೆಸರು ಶೋಭಿತ್. ಮೊಬೈಲ್ ಅಂಗಡಿಯ ಮೇಲಿನ ಮಾಳಿಗೆ, ಒಳಗೆ ಎಸಿಯ ತಣ್ಣಗಿನ ಗಾಳಿ, ಡೆಟ್ಟಾಲಿನ ವಾಸನೆ. ಅವಳು ಚಪ್ಪಲಿಯನ್ನು ಬಾಗಿಲ ಹೊರಗೆ ಬಿಟ್ಟು ಬಂದದ್ದನ್ನು ನೋಡಿ ಅವನು, "ಹಾಕಿಕೊಂಡೇ ಬನ್ನಿ ಆಂಟಿ, ಇದು ದೇವಸ್ಥಾನ ಅಲ್ಲ" ಎಂದಿದ್ದ. ಮಗಳನ್ನೋ ಸೊಸೆಯನ್ನೋ ಕರೆದುಕೊಂಡು ಬಂದಿದ್ದಾಳೆಂದು ಅವಳ ಬೆನ್ನ ಹಿಂದೆ ಇಣುಕಿದ್ದ. ತನಗೇ ಎಂದಾಗ ಅವನಿಗೆ ನಗು ಬರಲಿಲ್ಲ, ಅದಕ್ಕೆ ಅವಳು ಅವನಿಗೆ ಋಣಿ. ಎಂತ ಬರೆಯಬೇಕು, ಯಾವ ಡಿಸೈನ್ ಎಂದು ಪುಟ ತಿರುವುತ್ತಿದ್ದವನನ್ನು ತಡೆದು ಅವಳು ಬ್ಯಾಗಿನಿಂದ ಬಟ್ಟೆಗೆ ಗೆರೆ ಹಾಕುವ ಚಾಕ್‌ಪೀಸನ್ನು ತೆಗೆದು ತನ್ನ ತೋಳಿನ ಮೇಲೆ ತಾನೇ ಬರೆದಳು. ಇದರ ಮೇಲೆಯೇ ಹಾಕು, ಚಂದ ಮಾಡಲಿಕ್ಕೆ ಹೋಗಬೇಡ. ಅಕ್ಷರ ಸ್ವಲ್ಪ ಓರೆ ಉಂಟಲ್ಲ ಆಂಟಿ ಎಂದ. ಇರಲಿ ಎಂದಳು. ಸೂಜಿಯ ನೋವು ಅವಳಿಗೆ ಹೊಸದಲ್ಲ, ಆದರೆ ಬೆರಳಿಗೆ ಹೊಕ್ಕ ಸೂಜಿಯನ್ನು ಎಳೆದು ತೆಗೆದು ಬೈದು ಮುಂದುವರಿಯಬಹುದು. ಇದು ಬಿಡದೆ, ಮುಗಿಯದೆ, ಅಕ್ಷರ ಅಕ್ಷರವಾಗಿ ಹೋಗುತ್ತಿತ್ತು. ಅರ್ಧದಲ್ಲಿ ಅವನು ಯಂತ್ರ ನಿಲ್ಲಿಸಿ ಕೇಳಿದ:

"ಯಾರ ಹೆಸರು ಆಂಟಿ?"

"ಮಗಂದು."

"ಎಲ್ಲಿದ್ದಾರೆ?"

"ಇದ್ದಲ್ಲಿ ಈಗ ಸ್ಕೂಟರ್ ಪಾರ್ಕಿಂಗ್ ಉಂಟು."

ಹುಡುಗ ಉಳಿದ ಅಕ್ಷರಗಳನ್ನು ಮೊದಲಿಗಿಂತ ನಿಧಾನವಾಗಿ ಹಾಕಿದ.

ಮೂವತ್ತನಾಲ್ಕು ವರ್ಷದ ಹಿಂದಿನ ಮಾತು. ಮಗು ಹುಟ್ಟಿ ಒಂದು ರಾತ್ರಿ ಇತ್ತು. ಇದೇ ತೋಳಿನಲ್ಲಿ, ಮೊಣಕೈಯ ಇದೇ ಮಡಿಕೆಯಲ್ಲಿ ಅದರ ತಲೆ ಇತ್ತು. ತೂಕವೇ ಇಲ್ಲದ ತಲೆ, ಆದರೆ ಬಿಸಿ ಇತ್ತು, ಆ ಬಿಸಿಗೆ ತೋಳು ಬೆವರಿತ್ತು. ಬಲಗಡೆ ಸ್ಟೂಲಿನ ಮೇಲೆ ಸ್ಟೀಲಿನ ಲೋಟದಲ್ಲಿ ನೀರು ಇತ್ತು. ಅಷ್ಟು ಸಾಕಿತ್ತು. ಪ್ರಾಣ ಹೋಗುವ ಕೂಸಿಗೆ ಪಾದ್ರಿಯೇ ಬರಬೇಕೆಂದಿಲ್ಲ, ಯಾರಾದರೂ ತಲೆಗೆ ನಾಲ್ಕು ಹನಿ ನೀರು ಹಾಕಿ ಹೇಳಬೇಕಾದ ಮಾತು ಹೇಳಿದರೆ ದೀಕ್ಷಾಸ್ನಾನ ಆದಂತೆಯೇ ಎಂದು ಅವಳು ಚಿಕ್ಕಂದಿನಲ್ಲಿ ದೊತೋರ್ನ್ ಎಂಬ ಧರ್ಮಪಾಠದ ತರಗತಿಯಲ್ಲಿ ಕಲಿತಿದ್ದಳು, ಪರೀಕ್ಷೆಯಲ್ಲಿ ಬರೆದು ಬಹುಮಾನವನ್ನೂ ತೆಗೆದುಕೊಂಡಿದ್ದಳು. ಆ ರಾತ್ರಿ ಅದು ನೆನಪಾಗಲಿಲ್ಲವೆಂದಲ್ಲ. ನೆನಪಾಗಿತ್ತು. ಲೋಟವನ್ನು ಅವಳು ನೋಡಿಯೂ ಇದ್ದಳು. ನೀರು ಹಾಕಿದರೆ ಮಗು ಸಾಯುತ್ತದೆಂದು ಒಪ್ಪಿಕೊಂಡಂತಾಗುತ್ತದೆ, ಆದ್ದರಿಂದ ಹಾಕುವುದಿಲ್ಲ ಎಂದು ಹಟ ಹಿಡಿದು ಕುಳಿತಿದ್ದಳು. ಹೆಸರನ್ನು ಮಾತ್ರ ಅದರ ಕಿವಿಯಲ್ಲಿ ಹೇಳಿದ್ದಳು. ಬೆಳಿಗ್ಗೆ ಅತ್ತೆ ಅಪೊಲಿನ್ ಮಾಂಯ್ ಬಂದು ಮೊದಲು ಕೇಳಿದ್ದು ಮಗುವನ್ನಲ್ಲ, ನೀರು ಹಾಕಿದೆಯಾ ಎಂದು. ಹಾಕಲಿಲ್ಲವೆಂದಾಗ, ಅಷ್ಟೂ ಆಗಲಿಲ್ಲವಾ ನಿನಗೆ, ಎಂದರು. ಬೇರೆ ಏನೂ ಹೇಳಲಿಲ್ಲ ಮಾಂಯ್. ಸಾಯುವವರೆಗೂ ಏನೂ ಹೇಳಲಿಲ್ಲ. ಸೊಸೆ ಅನ್ನಕ್ಕೆ ನೀರಿಟ್ಟರೂ, ಗಿಡಕ್ಕೆ ನೀರು ಹಾಕಿದರೂ ಒಂದು ಗಳಿಗೆ ನೋಡುತ್ತಿದ್ದರು, ಅಷ್ಟೇ.

ನೀರು ಬೀಳದ ಕೂಸುಗಳಿಗೆ ಆ ಕಾಲದಲ್ಲಿ ಇಗರ್ಜಿಯ ಸ್ಮಶಾನದಲ್ಲಿ ಸ್ಥಳ ಬೇರೆಯೇ ಇತ್ತು. ಗೋಡೆಯ ಬದಿಯ ಮೂಲೆ, ಕಲ್ಲಿಲ್ಲ, ಶಿಲುಬೆ ಇಲ್ಲ, ಹೆಸರಿಲ್ಲ. ಲಾರೆನ್ಸ್ ಪೆಟ್ಟಿಗೆಯನ್ನು ಕಂಕುಳಲ್ಲಿಟ್ಟುಕೊಂಡು ಹೋಗಿ ಹೂಳಿ ಬಂದ. ಯಾವ ಜಾಗ ಎಂದು ಕೇಳಿದರೆ, ಅಲ್ಲೇ ಎಲ್ಲೋ, ಈಗ ಅದೆಲ್ಲ ಯಾಕೆ ಎಂದ. ಒಳ್ಳೆಯ ಮನುಷ್ಯ, ಅತ್ತದ್ದು ಮಾತ್ರ ಅವಳು ನೋಡಲಿಲ್ಲ, ಅಥವಾ ಅವನು ನೋಡಲು ಬಿಡಲಿಲ್ಲ. ಸತ್ತವರ ಹಬ್ಬದ ದಿನ ಎಲ್ಲರೂ ತಮ್ಮವರ ಸಮಾಧಿಗೆ ಹೂ ಹಾಕುವಾಗ ಅವಳು ಆ ಮೂಲೆಯ ಕಡೆ ಹೋಗಿ, ಕೆಮ್ಮು ಬಂದವಳಂತೆ ಸೆರಗನ್ನು ಬಾಯಿಗಿಟ್ಟುಕೊಂಡು ನಿಲ್ಲುತ್ತಿದ್ದಳು. ಆಮೇಲೆ ಕಾಲ ಬದಲಾಯಿತು. ಅಂಥ ಕೂಸುಗಳನ್ನೂ ದೇವರ ದಯೆ ಬಿಟ್ಟುಕೊಡುವುದಿಲ್ಲವೆಂದು ಪಾದ್ರಿಗಳೇ ಹೇಳತೊಡಗಿದರು. ಹೇಳಿದರು, ಸರಿ. ಬಿಟ್ಟುಕೊಡದ ದೇವರು ಈ ಮೂಲೆಗೆ ಒಂದು ಕಲ್ಲನ್ನಾದರೂ ಇಡಿ ಎಂದು ಅವರಿಗೆ ಹೇಳಿಕೊಟ್ಟಿರಲಿಲ್ಲ. ಕಳೆದ ನವೆಂಬರಿನಲ್ಲಿ ಅವಳು ಹೋಗಿ ನೋಡುವಾಗ ಗೋಡೆಯನ್ನು ಒಳಗೆ ಸರಿಸಿ ಆ ಮೂಲೆಗೆ ಕೆಂಪು, ಬೂದು ಇಂಟರ್‌ಲಾಕ್ ಹಾಸಿದ್ದರು. ಅದರ ಮೇಲೆ ಸ್ಕೂಟರುಗಳು ಸಾಲಾಗಿ ನಿಂತಿದ್ದವು. ಯಾರಿಗೂ ದುರುದ್ದೇಶವಿರಲಿಲ್ಲ. ಅಲ್ಲಿ ಏನಿದೆ ಎಂದು ಗೊತ್ತಿದ್ದವರೆಲ್ಲ ಈಗ ಅದೇ ಸ್ಮಶಾನದ ಒಳ್ಳೆಯ ಜಾಗಗಳಲ್ಲಿ ಕಲ್ಲಿನ ಕೆಳಗೆ ಇದ್ದರು. ಆ ದಿನ ಅವಳು ಮನೆಗೆ ಬಂದು ಮೀನು ತೊಳೆದಳು, ಸಾರು ಮಾಡಿದಳು, ಉಂಡಳು. ಹೆಸರು ಈಗ ಎಲ್ಲಿಯೂ ಇಲ್ಲ, ತನ್ನ ಬಾಯಲ್ಲಿ ಮಾತ್ರ ಉಂಟು, ಬಾಯಿ ಇನ್ನೆಷ್ಟು ದಿನ ಎಂದು ಯೋಚಿಸುತ್ತಲೇ ಉಂಡಳು.

ಹೊರಗೆ ಗೇಟಿನ ಸದ್ದಾಯಿತು. ನೋಡಿದರೆ ಸಿಪ್ರಿ ಮಾಸ್ಟರ್. ಮಧ್ಯಾಹ್ನದ ಆ ಬಿಸಿಲಿನಲ್ಲಿ ಇಸ್ತ್ರಿ ಮಾಡಿದ ಅಂಗಿ, ನೀರು ಹಚ್ಚಿ ಬಾಚಿದ ತಲೆ. ಒಳಗೆ ಬನ್ನಿ ಎಂದರೆ ಜಗಲಿಯಲ್ಲೇ ನಿಂತ, ಕುಳಿತುಕೊಳ್ಳಿ ಎಂದರೆ ಕುರ್ಚಿಯ ತುದಿಯಲ್ಲಿ ಕುಳಿತ. ಬಟ್ಟೆ ಹೊಲಿಸಲು ಬಂದಿಲ್ಲವೆಂಬುದು ಸ್ಪಷ್ಟವಿತ್ತು. ಅವಳು ನೀರು ತಂದುಕೊಟ್ಟಳು. ಕೊಡುವಾಗ ತೋಳು ಅವನ ಕಣ್ಣ ಮುಂದೆಯೇ ಬಂತು. ಅವನು ಬೇಕೆಂದೇ ನೆಲ ನೋಡಿ ಲೋಟ ತೆಗೆದುಕೊಂಡ.

"ಒಂದು ಮಾತು ಕೇಳಲಿಕ್ಕುಂಟು ವಿನ್ನಿ ಬಾಯೆ. ನೀವು ಬೇಜಾರು ಮಾಡ್ಬಾರ್ದು."

"ಕೇಳಿ."

"ಈ ವಾಡೊದಲ್ಲಿ ಬೇರೆ ಸಿಪ್ರಿಯನ್ ಇಲ್ಲ. ನಾನು ನೆನಪು ಮಾಡಿ ನೋಡಿದೆ. ಪಕ್ಕದ ವಾಡೊದಲ್ಲಿ ಒಬ್ಬ ಇದ್ದ, ಅವ ತೀರಿ ಹೋದ." ಮಾಸ್ಟರ್ ಲೋಟವನ್ನು ಕೈಯಲ್ಲಿ ತಿರುಗಿಸಿದ. "ಜನ ಎಂತೆಂತದೋ ಹೇಳ್ತಾರೆ. ನನಗೆ ಅದರದ್ದು ಮಂಡೆಬೆಚ್ಚ ಇಲ್ಲ. ಆದರೆ ನನ್ನದೇ ಆದ್ರೆ, ನನಗೆ ಒಂದು ಮಾತು ಗೊತ್ತಿರಬೇಕಲ್ಲ."

ಅವಳಿಗೆ ನಗು ಬಂತು, ನಗಲಾಗಲಿಲ್ಲ. ಇವನು ಗಲಾಟೆ ಮಾಡಲು ಬಂದಿರಲಿಲ್ಲ. ಮೀಸೆಗೆ ಹೊಸದಾಗಿ ಕಪ್ಪು ಹಚ್ಚಿಕೊಂಡು ಬಂದಿದ್ದ. ಊರಿಡೀ ಬೇರೆಯವರ ಮದುವೆಗೆ ಊದಿ ಊದಿ ಅರುವತ್ತು ದಾಟಿದ ಈ ಮನುಷ್ಯನ ಹೆಸರನ್ನು ಒಬ್ಬಳು ಹೆಂಗಸು ತೋಳಿನ ಮೇಲೆ ಬರೆಸಿಕೊಂಡಿದ್ದಾಳೆಂಬ ಸುದ್ದಿ ನಾಲ್ಕು ದಿನ ಅವನ ಮನೆಯೊಳಗೆ ಓಡಾಡಿರಬೇಕು. ಅವನನ್ನು ಆ ಸಂತೋಷದಲ್ಲಿ ಇನ್ನೊಂದು ಗಳಿಗೆ ಇರಲು ಬಿಡಬೇಕೆನಿಸಿತು. ಆದರೆ ಅದು ಅವನ ಹೆಸರಲ್ಲ.

"ನಿಮ್ಮದಲ್ಲ ಮಾಸ್ಟರ್."

"ಅಲ್ಲ," ಎಂದ, ಪಾಠ ಒಪ್ಪಿಸುವವನಂತೆ. ಗೇಟಿನ ಕಡೆ ನೋಡಿದ. "ಆಯ್ತು. ಹೆಸರು ಒಳ್ಳೇದು, ನನಗೆ ನನ್ನ ಅಜ್ಜಂದು ಇಟ್ಟದ್ದು. ಹಾಗಾದ್ರೆ ನಾನು ಹೇಳ್ಲಾ ಎಲ್ಲರಿಗೂ, ನಂದಲ್ಲ ಅಂತ?"

"ಆಗ ಮತ್ತೆ ಯಾರದ್ದು ಅಂತ ಕೇಳ್ತಾರೆ."

"ಹೌದಲ್ಲ." ಮಾಸ್ಟರ್ ಯೋಚಿಸಿದ. ಮತ್ತೆ ಬಹಳ ಮೆಲ್ಲಗೆ, "ಹಾಗಾದ್ರೆ ನಂದೇ ಅಂತ ಇರ್ಲಿ. ನಾನು ಸುಮ್ಮನಿರ್ತೇನೆ. ಈ ಪ್ರಾಯದಲ್ಲಿ ನನಗೆ ಎಂತ ಆಗ್ಲಿಕ್ಕುಂಟು? ನಿಮಗೆ ಅದು ಸುಲಭ ಆಗ್ತದೆ ಅಂತಾದ್ರೆ ಹಾಗೇ ಇರ್ಲಿ."

ಅವಳು ಅವನ ಕೈಯಿಂದ ಲೋಟವನ್ನು ತೆಗೆದುಕೊಂಡಳು. ಹೇಳಿಬಿಡೋಣ, ಇವನಿಗೊಬ್ಬನಿಗಾದರೂ. ಇವನು ಅಳುತ್ತಾನೆ, ಹೋಗಿ ಮ್ಯಾಕ್ಸಿಂಗೆ ಹೇಳುತ್ತಾನೆ, ಸಂಜೆಯೊಳಗೆ ವಾಡೊಗೆ ವಾಡೊವೇ ಈ ಜಗಲಿಯಲ್ಲಿ ಕಣ್ಣೊರಸಿಕೊಳ್ಳುತ್ತದೆ. ಹೌದಾ ಬಾಯೆ, ನಮಗೆ ಗೊತ್ತೇ ಇರಲಿಲ್ಲ ಬಾಯೆ, ಪಾಪ. ವಿಗಾರರು ಬಂದು ತಲೆಯ ಮೇಲೆ ಕೈಯಿಟ್ಟು ತಾಯಿಯ ಹೃದಯದ ಬಗ್ಗೆ ಎರಡು ಮಾತು ಹೇಳುತ್ತಾರೆ, ಮ್ಯಾಕ್ಸಿಂ ತಾನೇ ಸಾಯ್ಬಿಣಿಯನ್ನು ಎತ್ತಿಕೊಂಡು ಬರುತ್ತಾನೆ. ಒಂದೇ ಒಂದು ವಾಕ್ಯ ಸಾಕು. ಆ ವಾಕ್ಯ ಅವಳ ನಾಲಗೆಯ ಮೇಲೆ ಬೆಳಿಗ್ಗೆಯಿಂದಲೂ ಉಂಟು. ಆದರೆ ಆಮೇಲೆ ಈ ಹೆಸರು ಮಗನದಾಗಿ ಉಳಿಯುವುದಿಲ್ಲ. ವಾಡೊ ಕನಿಕರಪಟ್ಟು ಮಾಫಿ ಮಾಡಿದ ಒಂದು ತಪ್ಪು ಆಗುತ್ತದೆ. ಅವನು ಹುಟ್ಟಿದ್ದು ತಪ್ಪಲ್ಲ, ಹೆಸರಿಟ್ಟದ್ದು ತಪ್ಪಲ್ಲ, ಬರೆಸಿದ್ದು ತಪ್ಪಲ್ಲ. ತಪ್ಪಲ್ಲದ್ದಕ್ಕೆ ಮಾಫಿ ತೆಗೆದುಕೊಳ್ಳುವುದು ಹೇಗೆ? ಈ ಒಳ್ಳೆಯ ಮಾಸ್ಟರ್ ಕೊಡುತ್ತಿರುವುದೂ ಒಂದು ಉದ್ದ ಕೈಯೇ, ಹೊಲಿದದ್ದು ಪ್ರೀತಿಯಿಂದ, ಅಷ್ಟೇ ವ್ಯತ್ಯಾಸ.

"ಬೇಡ ಮಾಸ್ಟರ್," ಎಂದಳು. "ನಿಮ್ಮ ಹೆಸರು ನಿಮಗಿರ್ಲಿ. ಇದಕ್ಕೆ ಯಾರದ್ದೂ ಮರೆ ಬೇಡ."

ಅವನು ಎದ್ದ. ಗೇಟಿನವರೆಗೆ ಹೋಗಿ, ಸಂಜೆ ತೇರ್ಸ್‌ಗೆ ಬರುತ್ತೇನೆ, ಯಾವ ಮನೆಯಾದರೂ ಬರುತ್ತೇನೆ, ಎಂದು ಹೇಳಿ ಹೋದ.

ಸಂಜೆ ಅವಳು ಸ್ನಾನ ಮಾಡಿದಳು. ಕಪಾಟಿನ ಮುಂದೆ ನಿಂತಾಗ ಮಾತ್ರ ಧೈರ್ಯ ಸ್ವಲ್ಪ ಅಲುಗಿತು. ಸೀರೆಯ ಸೆರಗನ್ನು ಎಡ ಹೆಗಲಿನಿಂದ ಇಳಿಬಿಟ್ಟು ತೋಳಿನ ಮೇಲೆ ಎಳೆದುಕೊಂಡರೆ ಅದು ಮುಚ್ಚಿದಂತೆಯೂ ಅಲ್ಲ, ತೋರಿಸಿದಂತೆಯೂ ಅಲ್ಲ. ಕನ್ನಡಿಯ ಮುಂದೆ ಹಾಗೆ ಎಳೆದುಕೊಂಡು ನೋಡಿದಳು. ಮಾಂಯ್ ಸತ್ತವರ ಹಬ್ಬದ ದಿನ ಸ್ಮಶಾನದಲ್ಲಿ ನಿಂತಿರುತ್ತಿದ್ದದ್ದು ಹೀಗೆಯೇ, ಮೈತುಂಬ ಹೊದ್ದು, ಆ ಮೂಲೆಗೆ ಬೆನ್ನು ಹಾಕಿ. ಅವಳು ಸೆರಗನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿದಳು. ದಿನಾ ಹಾಕುವ ಗಿಡ್ಡ ಕೈಯ ರವಿಕೆ, ಸಂತೆಗೂ ಇಗರ್ಜಿಗೂ ಬಂದರ್‌ನ ನೂಲಿನ ಅಂಗಡಿಗೂ ಹಾಕಿಕೊಂಡು ಹೋಗುವ ಅದೇ ರವಿಕೆ. ಮನೆಯೊಳಗೆ ಮೇಜಿಗೆ ಬಿಳಿ ಬಟ್ಟೆ ಹಾಸಿದಳು, ಮಲ್ಲಿಗೆ ಇಟ್ಟಳು, ಬತ್ತಿಗಳನ್ನು ನಿಲ್ಲಿಸಿದಳು, ಬಂದವರಿಗೆಂದು ಬೆಳಿಗ್ಗೆಯೇ ಬೇಯಿಸಿದ್ದ ಕಡಲೆಗೆ ಒಗ್ಗರಣೆ ಹಾಕಿದಳು. ಬರುವುದೇ ನಿಶ್ಚಯವಿಲ್ಲದ ಅತಿಥಿಗೆ ಇಷ್ಟು ಮಾಡುವ ತನ್ನನ್ನು ಕಂಡು ಒಂದು ಕಡೆ ನಾಚಿಕೆಯಾಯಿತು. ಆದರೂ ಬಾಗಿಲನ್ನು ಪೂರ್ತಿ ತೆರೆದಿಟ್ಟೇ ಹೊರಟಳು.

ಕಾರ್ಮಿನ್ ಬಾಯಿಯ ಮನೆಯ ಹಾಲ್‌ನಲ್ಲಿ ಹೆಂಗಸರು ಮಂಡಿಯೂರಿದ್ದರು, ಗಂಡಸರು ಜಗಲಿಯಲ್ಲಿ. ವಿನಿಫ್ರೆಡ್ ಒಳಗೆ ಬಂದಾಗ ಜಪ ನಿಲ್ಲಲಿಲ್ಲ, ಆದರೆ ಅವಳಿಗೆ ಬೇಕಾದದ್ದಕ್ಕಿಂತ ಹೆಚ್ಚೇ ಜಾಗ ಆಯಿತು. ಎರಡೂ ಬದಿಯವರು ಸರಿದುಕೊಂಡಿದ್ದರು. ಅವಳು ನಡುವೆ ಮಂಡಿಯೂರಿ ಕೈ ಜೋಡಿಸಿದಳು. ಕೈ ಜೋಡಿಸಿದರೆ ತೋಳಿನ ಒಳಬದಿ ಮುಚ್ಚಿಹೋಗುತ್ತದೆ ಎಂಬುದು ಅವಳಿಗೆ ಆಗ ಹೊಳೆಯಿತು. ಪ್ರಾರ್ಥಿಸುವಾಗ ಕಾಣುವುದಿಲ್ಲ, ಎತ್ತಿಕೊಳ್ಳುವಾಗ ಮಾತ್ರ ಕಾಣುತ್ತದೆ. ಗೋಡೆಯ ಮೇಲಿನ ಪಟದಲ್ಲಿ ಪುನರುತ್ಥಾನದ ಯೇಸು ಅಂಗೈಗಳನ್ನು ತೆರೆದು ನಿಂತಿದ್ದ. ಸಾವನ್ನೇ ಗೆದ್ದು ಬಂದವನಿಗೆ ಆ ಮೊಳೆಯ ಗುರುತುಗಳನ್ನು ಅಳಿಸಿಕೊಳ್ಳುವುದು ಕಷ್ಟವೇನಾಗಿರಲಿಲ್ಲ. ಇಟ್ಟುಕೊಂಡ. ಇಟ್ಟುಕೊಂಡದ್ದು ಮಾತ್ರವಲ್ಲ, ಬೆರಳಿಟ್ಟು ನೋಡು ಎಂದು ಎಲ್ಲರ ಮುಂದೆ ಚಾಚಿದ. ಅವನಿಗೆ ಉದ್ದ ಕೈ ಹೊಲಿದುಕೊಡಲು ಯಾವ ಗುರ್ಕಾರನೂ ಹೇಳಲಿಲ್ಲ. ಈ ಯೋಚನೆ ಬಂದದ್ದಕ್ಕೆ ಅವಳು ಕ್ಷಮೆ ಕೇಳಲಿಲ್ಲ. ಪಕ್ಕದಲ್ಲಿ ಯಾರೋ ಅವಳ ತೋಳನ್ನು ನೋಡಲು ಕುತ್ತಿಗೆ ಬಗ್ಗಿಸಿದ್ದು ಗೊತ್ತಾಯಿತು, ಈ ಸಲ ಅವಳು ತಲೆ ತಗ್ಗಿಸಲಿಲ್ಲ.

ತೇರ್ಸ್ ಮುಗಿಯಿತು. ಹಾಡು ಶುರುವಾಗುವ ಮುಂಚಿನ ಆ ಗಳಿಗೆಯಲ್ಲಿ ಮ್ಯಾಕ್ಸಿಂ ಅವಳ ತೋಳನ್ನು ನೋಡಿದ, ವಿನೀತ್ ಪಿಂಟೊನ ಹೆಂಡತಿಯ ಕಡೆಗೆ ಕಣ್ಣು ಮಾಡಿದ. ಆ ಹುಡುಗಿ ಏಳುವುದೋ ಬೇಡವೋ ಎಂದು ಸೀರೆಯ ನೆರಿಗೆ ಸರಿಮಾಡುತ್ತಿದ್ದಳು. ವಿನಿಫ್ರೆಡ್ ಎದ್ದಳು. ಮಂಡಿಗಳು ನೋಯುತ್ತಿದ್ದವು, ಎರಡು ಹೆಜ್ಜೆ ಕುಂಟಿದಳು. ಮೇಜಿನ ಮೇಲಿಂದ ಸಾಯ್ಬಿಣಿಯನ್ನು ಎರಡೂ ಕೈಗಳಿಂದ ಎತ್ತಿ ಎಡತೋಳಿಗೆ ಒರಗಿಸಿಕೊಂಡಳು. ಪ್ರತಿಮೆಯ ತಲೆ ಮೊಣಕೈಯ ಮಡಿಕೆಗೆ ಬಂದು ನಿಂತಿತು, ಹೆಸರು ಅದರ ಪಕ್ಕದಲ್ಲಿ ಎಲ್ಲರಿಗೂ ಕಾಣುವಂತೆ.

"ವಿನ್ನಿ ಬಾಯೆ," ಮ್ಯಾಕ್ಸಿಂ ದನಿ ತಗ್ಗಿಸಿ ಹೇಳಿದ, "ನಾನು ಬೆಳಿಗ್ಗೆ ಹೇಳಿದ್ದೆ."

"ಹೇಳಿದ್ದಿರಿ. ಕೇಳಿದ್ದೇನೆ."

"ಮತ್ತೆ?"

"ಮತ್ತೆ ಎಂತ ಇಲ್ಲ ಗುರ್ಕಾರ್ರೆ. ದಾರಿ ಬಿಡಿ, ಭಾರ ಉಂಟು."

ಮ್ಯಾಕ್ಸಿಂ ಕೈ ಮುಂದೆ ತಂದ, ಹಿಂದೆ ತೆಗೆದುಕೊಂಡ. ಮರಿಯಮ್ಮನವರನ್ನು ಹೆಂಗಸಿನ ತೋಳಿನಿಂದ ಎಳೆದುಕೊಳ್ಳುವುದು ಹೇಗೆ? ಎಳೆಯುವಾಗ ಕೈತಪ್ಪಿದರೆ, ಮೂಗು ಮುರಿದರೆ, ವಿಗಾರರಿಗೆ ಹೇಳುವುದೇನು? ಇದನ್ನೆಲ್ಲ ಅವನು ಯೋಚಿಸುವುದು ಅವನ ಮುಖದಲ್ಲೇ ಕಾಣುತ್ತಿತ್ತು. ಅಷ್ಟರಲ್ಲಿ ಅವಳು ಹೊಸ್ತಿಲು ದಾಟಿದ್ದಳು. ರಸ್ತೆಯಲ್ಲಿ ಹತ್ತು ಹೆಜ್ಜೆ ಅವಳೊಬ್ಬಳೇ ನಡೆದಳು. ಹಿಂದೆ ತಿರುಗಿ ನೋಡಬಾರದೆಂದು ಹಲ್ಲು ಕಚ್ಚಿಕೊಂಡಿದ್ದಳು. ಯಾರೂ ಬಾರದಿದ್ದರೆ ಬಾರದಿರಲಿ, ತಾನೂ ಸಾಯ್ಬಿಣಿಯೂ ಕಡಲೆ ತಿಂದರಾಯಿತು. ಕೊನೆಗೆ ಯಾರೋ ಹಾಡಿನ ಮೊದಲ ಸಾಲನ್ನು ಎತ್ತಿದರು. ಎಲ್ಲರೂ ಹಿಂದೆ ಬರುತ್ತಿದ್ದರು. ಅವಳಿಗೋಸ್ಕರ ಅಲ್ಲ, ಸಾಯ್ಬಿಣ್ ಹೊರಟ ಮೇಲೆ ಬತ್ತಿ ಹಿಡಿದು ಮನೆಯಲ್ಲಿ ಕುಳಿತವರು ಈ ವಾಡೊದಲ್ಲಿ ಯಾರೂ ಇಲ್ಲ.

ಮನೆಯಲ್ಲಿ ಅವಳು ಪ್ರತಿಮೆಯನ್ನು ಬಿಳಿ ಬಟ್ಟೆಯ ಮೇಲೆ ಇಟ್ಟಳು. ಜನ ಹಾಲ್‌ನಲ್ಲೂ ಜಗಲಿಯಲ್ಲೂ ತುಂಬಿಕೊಂಡರು. ಸಾಯ್ಬಿಣ್ ಬಂದಾಗಿತ್ತು, ಯಾವ ಸಮಜಾಯಿಷಿಯೂ ಇಲ್ಲದೆ, ಯಾರ ಕನಿಕರವೂ ಇಲ್ಲದೆ, ಬರಬೇಕಾದ ದಿನವೇ ಬಂದಾಗಿತ್ತು. ಇನ್ನು ಉಳಿದದ್ದು ಒಂದೇ. ಸಾಯ್ಬಿಣ್ ಬಂದ ಮನೆಯ ಸತ್ತವರಿಗಾಗಿ ಒಂದೊಂದು ಹೆಸರಿಗೆ ಒಂದೊಂದು ಜಪ ಹೇಳುವುದು ವಾಡಿಕೆ. ಮ್ಯಾಕ್ಸಿಂ ಮುಖ ಗಂಟಿಕ್ಕಿಕೊಂಡೇ ತನ್ನ ಕೆಲಸ ಮುಂದುವರಿಸಿದ.

"ಈ ಮನೆಯಲ್ಲಿ ತೀರಿಕೊಂಡವರ ಹೆಸರು?"

"ಅಪೊಲಿನ್," ಎಂದಳು. ಮಾಂಯ್‌ಗೆ ಒಂದು ಜಪ ಆಯಿತು. "ಲಾರೆನ್ಸ್." ಅವನಿಗೂ ಆಯಿತು. ಮ್ಯಾಕ್ಸಿಂ ಮುಗಿಯಿತೆಂದು ಶಿಲುಬೆಯ ಗುರುತಿಗೆ ಕೈ ಎತ್ತಿದ.

"ಸಿಪ್ರಿಯನ್."

ಎಲ್ಲರ ತಲೆಗಳೂ ಜಗಲಿಯ ಕಂಬಕ್ಕೊರಗಿ ಮಂಡಿಯೂರಿದ್ದ ಮಾಸ್ಟರನ ಕಡೆಗೆ ತಿರುಗಿದವು. ಮಾಸ್ಟರ್ ಕಕ್ಕಾಬಿಕ್ಕಿಯಾಗಿ ತನ್ನ ಎದೆಯನ್ನು ಮುಟ್ಟಿ ನೋಡಿಕೊಂಡ.

"ಸಿಪ್ರಿಯನ್ ಇಲ್ಲೇ ಇದ್ದಾರಲ್ಲ ಬಾಯೆ," ಎಂದ ಮ್ಯಾಕ್ಸಿಂ.

"ಅವರಲ್ಲ. ಈ ಮನೆಯವನು. ಒಂದು ರಾತ್ರಿ ಇದ್ದವನು, ನೀರು ಬೀಳದೆ ಹೋದವನು."

ಮ್ಯಾಕ್ಸಿಂನ ಬಾಯಿ ತೆರೆದೇ ಇತ್ತು. ನೀರು ಬೀಳದವರ ಹೆಸರನ್ನು ತೇರ್ಸಿನಲ್ಲಿ ತೆಗೆದುಕೊಳ್ಳಬಹುದೋ ಬಾರದೋ ಅವನಿಗೆ ಗೊತ್ತಿರಲಿಲ್ಲ, ಕೇಳೋಣವೆಂದರೆ ವಿಗಾರರು ಹತ್ತಿರವಿರಲಿಲ್ಲ. ಕಾರ್ಮಿನ್ ಬಾಯಿ ಅವಳ ತೋಳನ್ನು ನೋಡಿದಳು, ಮುಖವನ್ನು ನೋಡಿದಳು, ಮತ್ತೆ ತೋಳನ್ನು ನೋಡಿದಳು. ಒಂದೊಂದಾಗಿ ಮುಖಗಳು ಮೆತ್ತಗಾಗತೊಡಗಿದವು. ಆ ಪಾಪ ಎಂಬ ಮಾತು ತುಟಿಗಳಿಗೆ ಏರಿ ಬರುವುದು ವಿನಿಫ್ರೆಡ್‌ಳಿಗೆ ಕಾಣುತ್ತಿತ್ತು. ಅದು ಹೊರಗೆ ಬೀಳುವ ಮೊದಲೇ ಅವಳು ದನಿ ಎತ್ತಿ, ನಡೆಸಬೇಕಾದ ಗುರ್ಕಾರನನ್ನು ಕಾಯದೆ, ತಾನೇ "ಆಮ್ಚ್ಯಾ ಬಾಪಾ" ಎಂದು, ನಮ್ಮ ತಂದೆಯೇ ಎಂಬ ಆ ಜಪವನ್ನು, ಶುರುಮಾಡಿದಳು. ಮೊದಲ ಅರ್ಧವನ್ನು ಪೂರ್ತಿ ಹೇಳಿ ಮುಗಿಸಿ ಸುಮ್ಮನಾದಳು. ಎರಡನೆಯ ಅರ್ಧ ನಡೆಸುವವರದಲ್ಲ, ಮಂಡಿಯೂರಿದ ಉಳಿದವರದು, ಅವರು ಹೇಳಬೇಕು. ಮೂವತ್ತನಾಲ್ಕು ವರ್ಷ ಇವನಿಗಾಗಿ ಎರಡೂ ಅರ್ಧಗಳನ್ನು ಅವಳೊಬ್ಬಳೇ ಹೇಳಿದ್ದಳು, ಅಡುಗೆಮನೆಯಲ್ಲಿ, ಮೆಷಿನಿನ ಸದ್ದಿನ ಅಡಿಯಲ್ಲಿ, ಯಾರಿಗೂ ಕೇಳದಂತೆ. ಇವತ್ತು ಹೇಳುವುದಿಲ್ಲ. ಅವಳು ಜನರ ಕಡೆಗೆ ತಿರುಗಿ, ತೋಳನ್ನು ಬಿಡಿಸಿಟ್ಟುಕೊಂಡು, ಅವರ ಬಾಯಿಗಳನ್ನೇ ನೋಡುತ್ತ ಕಾದಳು.